ರೈಟಕ್ಕನ ಶನಿವಾರದ ಬಸ್ಸು

ಕೊರಳಿಗೆ ಸೀಟಿ ನೇತುಹಾಕಿಕೊಂಡವರೆಲ್ಲ ಕೋಚ್ ಆಗಿಬಿಡುತ್ತಾರಾ ಎಂದು ಡಿಪೋದಲ್ಲಿ ಮೂಗು ಮುರಿದವರು ಇದ್ದರು. ರೈಟಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಚ್ ಆಗುತ್ತೇನೆ ಎಂದು ಅವಳೇನು ಯಾರ ಬಾಗಿಲಿಗೂ ಹೋಗಿರಲಿಲ್ಲ. ಅವಳು ಬಸ್ ಕಂಡಕ್ಟರ್. ಐವತ್ತು ದಾಟಿದ, ಕುಳ್ಳಗಿನ, ಮೈಕೈ ತುಂಬಿಕೊಂಡ ಹೆಂಗಸು. ಹಿಂದಿನ ಬಾಗಿಲಲ್ಲಿ ನಿಂತು "ರೈಟ್... ರೈಟ್!" ಎಂದು ಕೂಗಿದರೆ ಪಕ್ಕದ ಬಸ್ಸಿನ ಡ್ರೈವರೂ ಗಾಬರಿಯಲ್ಲಿ ಗೇರ್ ಹಾಕಿಬಿಡಬೇಕು, ಅಂಥ ಗಂಟಲು. ಆ ಗಂಟಲಿನಿಂದಲೇ ಅವಳಿಗೆ ರೈಟಕ್ಕ ಎಂಬ ಹೆಸರು ಅಂಟಿಕೊಂಡಿದ್ದು.

ಬಸ್ಸು ಎಂಥ ತಿರುವು ತೆಗೆದುಕೊಂಡರೂ ಅವಳು ಕಂಬಿ ಹಿಡಿಯುವವಳಲ್ಲ. ಕಾಲು ಅಗಲ ಮಾಡಿ, ಮಂಡಿ ಸ್ವಲ್ಪ ಬಗ್ಗಿಸಿ, ಒಂದು ಕೈಯಲ್ಲಿ ಟಿಕೆಟ್ ಮೆಷಿನ್ನು, ಇನ್ನೊಂದು ಕೈಯಲ್ಲಿ ಯಾವುದೋ ತಾಯಿ ಹತ್ತುವಾಗ ಕೊಟ್ಟ ಮಗು. ಅರ್ಧ ಆಯಸ್ಸು ಹಾಗೇ ನಿಂತೇ ಕಳೆದಿತ್ತು. ಮನೆಯಲ್ಲಿ ಒಲೆ ಮುಂದೆಯೂ ಅವಳು ಕಾಲು ಅಗಲಿಸಿಕೊಂಡೇ ನಿಲ್ಲುತ್ತಾಳೆ, ಅಡುಗೆಮನೆ ಯಾವಾಗ ಬ್ರೇಕ್ ಹಾಕುತ್ತದೋ ಎನ್ನುವ ಹಾಗೆ, ಎಂದು ಅವಳ ಗಂಡ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಗಂಡ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ, ಕತ್ತರಿ, ಚೂರುಬಟ್ಟೆಯ ರಾಶಿ.

ಮಕ್ಕಳ ವಿಷಯ ಶುರುವಾಗಿದ್ದು ಒಂದು ಶನಿವಾರ ಬೆಳಿಗ್ಗೆ. ಶನಿವಾರ ಶಾಲೆ ಇರುತ್ತಿರಲಿಲ್ಲ. ರಾತ್ರಿ ಪಾಳಿಯವರು ಲೆಕ್ಕ ಒಪ್ಪಿಸಿ ಹೋಗುವವರೆಗೆ, ಬೆಳಗಿನ ಪಾಳಿಯವರು ತಮ್ಮ ಮಕ್ಕಳನ್ನು ಯಾರ ಕೈಗಾದರೂ ದಾಟಿಸುವವರೆಗೆ, ನಾಲ್ಕೈದು ವರ್ಷದ ಪಿಳ್ಳೆಗಳೆಲ್ಲ ಡಿಪೋ ಅಂಗಳದಲ್ಲಿ ಬಾಲ ಬಿಚ್ಚುತ್ತಿದ್ದವು. ಅವತ್ತು ಒಂದು ಚೆಂಡು ಉರುಳಿತು. ಅದರ ಹಿಂದೆ ಐದಾರು ಮಕ್ಕಳು. ಚೆಂಡು ಹೋದ ಕಡೆಯಿಂದ ಒಂದು ಬಸ್ಸು ರಿವರ್ಸ್ ಬರುತ್ತಿತ್ತು. ರೈಟಕ್ಕ ಯೋಚನೆ ಮಾಡಲಿಲ್ಲ, ಬಾಯಿಗೆ ಸೀಟಿ ತಾನಾಗಿ ಬಂತು. ಒಂದೇ ಒಂದು ಉದ್ದನೆಯ ಸೀಟಿ.

ಬಸ್ಸಿನ ಭಾಷೆಯಲ್ಲಿ ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಹೊರಡು. ಬಸ್ಸು ನಿಂತಿತು. ಆಶ್ಚರ್ಯ ಎಂದರೆ ಮಕ್ಕಳೂ ನಿಂತರು. ಎಲ್ಲ ಡ್ರೈವರ್ ಕಂಡಕ್ಟರುಗಳ ಮಕ್ಕಳು, ಹೊಟ್ಟೆಯಲ್ಲಿದ್ದಾಗಿನಿಂದ ಅದೇ ಸೀಟಿ ಕೇಳಿದವರು. ಒಬ್ಬನ ಒಂದು ಕಾಲು ಇನ್ನೂ ಗಾಳಿಯಲ್ಲೇ ಇತ್ತು.

ರೈಟಕ್ಕ ಓಡಿ ಬಂದು ಮಕ್ಕಳನ್ನು ಎಣಿಸುತ್ತಿದ್ದರೆ, ಆ ಒಂಟಿ ಕಾಲಲ್ಲಿ ನಿಂತವನು ಹಲ್ಲು ಕಿರಿದು, "ಇನ್ನೊಂದ್ ಸಲ ಊದಿ ಅಜ್ಜೀ!" ಎಂದ.

"ಅಜ್ಜಿ ಯಾರೋ? ಅಕ್ಕ ಅನ್ನು," ಎಂದಳು ರೈಟಕ್ಕ. ಮಕ್ಕಳನ್ನು ಬಸ್ಸು ಬಾರದ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ಎರಡು ಊದಿದಳು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಶನಿವಾರ ಅವಳಿಗೆ ವಾರದ ರಜೆ; ಮೊದಲ ಸಲ ಬಂದಿದ್ದು ಹಿಂದಿನ ದಿನದ ಲೆಕ್ಕ ಒಪ್ಪಿಸಲು ಅಷ್ಟೇ. "ವಾರವಿಡೀ ದೊಡ್ಡೋರನ್ನ ಒಳಗೆ ತಳ್ಳಿದ್ದು ಸಾಲದೇನೇ, ರಜೆ ದಿನಾನೂ ಬಸ್ಸೇನಾ?" ಎಂದು ಗಂಡ ಗೊಣಗಿದ. ಗೊಣಗುತ್ತಲೇ ಚೂರುಬಟ್ಟೆಯಲ್ಲಿ ಅಂಗೈಯಗಲದ ಚೀಲಗಳನ್ನು ಹೊಲಿದು, ಕಾಳು ತುಂಬಿ ಕೊಟ್ಟ. ಅವು ಮಕ್ಕಳ ಲಗೇಜು. ತಲೆ ಮೇಲೆ ಇಟ್ಟುಕೊಂಡು ಬೀಳಿಸದೆ ನಡೆಯಬೇಕು, ಗೋಡೆಗೆ ಬರೆದ ವೃತ್ತಕ್ಕೆ ಎಸೆಯಬೇಕು, ಎದುರಿನವರು ಎಸೆದರೆ ಹಿಡಿಯಬೇಕು. ಮೂಲೆಯಲ್ಲಿ ಬಿದ್ದಿದ್ದ ಸವೆದ ಟೈರುಗಳು ಗುಂಡಿಗಳಾದವು, ಒಂದರಿಂದ ಒಂದಕ್ಕೆ ಜಿಗಿಯಬೇಕು. ಜಿಗಿದು ನಿಲ್ಲುವಾಗ ಮಾತ್ರ ರೈಟಕ್ಕನ ಹಾಗೆ ಕಾಲಗಲಿಸಿ, ಮಂಡಿ ಬಗ್ಗಿಸಿ ನಿಲ್ಲಬೇಕು. ಓಟ, ಎಸೆತ, ನೆಗೆತ ಎಂಬ ಮಾತುಗಳನ್ನು ಅವಳು ಆಡುತ್ತಲೇ ಇರಲಿಲ್ಲ. ಮಕ್ಕಳು ಮಾತ್ರ ಮೂರನ್ನೂ ಬೆವರು ಸುರಿಯುವಂತೆ ಮಾಡುತ್ತಿದ್ದರು.

ಕೊನೆಯ ಆಟ ಯಾವಾಗಲೂ ಬಸ್ಸು. ಮುಂದಿನವರ ಅಂಗಿ ಹಿಡಿದು ಸಾಲಾಗಿ ನಿಲ್ಲುವುದು. ಎಲ್ಲರಿಗಿಂತ ಮುಂದಿರುವವರು ಡ್ರೈವರ್. ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ಬಸ್ಸು ನಿಲ್ಲಲೇಬೇಕು. ಕೊನೆಗೆ ಹತ್ತಿದವರು ಕಂಡಕ್ಟರ್, ಅವರು ರೈಟ್ ಹೇಳುವ ತನಕ ಯಾರೂ ಅಲುಗಾಡುವ ಹಾಗಿಲ್ಲ. ಈ ಆಟದಲ್ಲಿ ಔಟ್ ಎಂಬುದಿಲ್ಲ. ಪ್ರಯಾಣಿಕರನ್ನು ನಡುದಾರಿಯಲ್ಲಿ ಇಳಿಸುವ ಬಸ್ಸು ಯಾವ ಸೀಮೆ ಬಸ್ಸು ಎಂದು ರೈಟಕ್ಕ ಕೇಳುತ್ತಿದ್ದಳು.

ಅವಳಿಗೆ ತಲೆನೋವು ಮಕ್ಕಳದ್ದಲ್ಲ, ಅಪ್ಪ ಅಮ್ಮಂದಿರದ್ದು. ಮಗು ಚೆಂಡಿಗೆ ಕೈ ಚಾಚುವ ಮೊದಲೇ ಇವರ ಗಂಟಲು ಚಾಚಿಕೊಳ್ಳುತ್ತದೆ. "ಹಿಡಿಯೋ! ಬಗ್ಗೋ! ಅಲ್ಲಲ್ಲ, ಈ ಕಡೆ!" ಪಾಪ, ಆ ಕೂಸು ಚೆಂಡು ನೋಡಬೇಕೋ ಅಪ್ಪನ ಮುಖ ನೋಡಬೇಕೋ? ರೈಟಕ್ಕ ಅಂಗಳದಲ್ಲಿ ಹಳದಿ ಗೆರೆ ಎಳೆದು ದೊಡ್ಡವರನ್ನೆಲ್ಲ ಅದರ ಹಿಂದೆ ನಿಲ್ಲಿಸಿದಳು. ಸಾಲದೆಂದು ಗುಜರಿ ಕೋಣೆಯಿಂದ ಒಂದು ಹಳೆಯ ಬಸ್ಸಿನ ಫಲಕ ಹುಡುಕಿ ತಂದು ಅವರ ಕಣ್ಣೆದುರಿಗೇ ಕಟ್ಟಿದಳು: "ವಾಹನ ಚಲಿಸುವಾಗ ಚಾಲಕರೊಡನೆ ಮಾತನಾಡಬೇಡಿ." ಚಪ್ಪಾಳೆ ತಟ್ಟಬಹುದಿತ್ತು. ಅಷ್ಟಕ್ಕೆ ಮಾತ್ರ ಪರವಾನಗಿ.

ಆ ಗೆರೆಯ ಹಿಂದೆ ನಿಲ್ಲುವುದು ಎಲ್ಲರಿಗಿಂತ ಹೆಚ್ಚು ಕಷ್ಟವಾಗಿದ್ದು ಅವಳದೇ ಬಸ್ಸಿನ ಡ್ರೈವರಿಗೆ. ಒಳ್ಳೆಯ ಹುಡುಗ. ಮೂವತ್ತೈದರ ಆಸುಪಾಸು, ಒಂದು ಕಾಲದಲ್ಲಿ ಓಟದಲ್ಲಿ ಎತ್ತಿದ ಕೈ. ಅವನು ಮುಂದೆ, ಇವಳು ಹಿಂದೆ, ನಡುವೆ ಬಸ್ಸು ತುಂಬ ಜನ. ಇಡೀ ದಿನ ಇಬ್ಬರ ಮಾತೆಲ್ಲ ಸೀಟಿಯಲ್ಲೇ. ಅವಳು ಊದದೆ ಅವನು ಒಂದು ಗೇಣೂ ಬಸ್ಸು ಕದಲಿಸಿದವನಲ್ಲ. ಅಂಥ ತಾಳ್ಮೆಯವನು ಮಗಳ ವಿಷಯ ಬಂದರೆ ಬೇರೆಯೇ ಮನುಷ್ಯ.

ಮಗಳಿಗೆ ಐದು ವರ್ಷ. ದುಂಡುಮುಖ, ಗಿಡ್ಡ ಜಡೆ, ಡಿಪೋದವರು ಇಟ್ಟ ಹೆಸರು ಬಟಾಣಿ. ಹಿಂದಿನ ವರ್ಷ ಡಿಪೋ ಕ್ರೀಡಾದಿನದ ಪುಟ್ಟ ಮಕ್ಕಳ ಓಟದಲ್ಲಿ ಅಪ್ಪ ಗೆರೆಯ ಪಕ್ಕದಲ್ಲೇ ಓಡುತ್ತಾ, "ಓಡು! ಹಿಂದೆ ನೋಡ್ಬೇಡ! ಓಡೇ!" ಎಂದು ಕಿರುಚಿದ್ದ. ಬಟಾಣಿ ಹಿಂದೆಯೂ ನೋಡಲಿಲ್ಲ, ಮುಂದೆಯೂ ಓಡಲಿಲ್ಲ. ನಡುವೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಆದರೆ ಮಗುವಿಗೆ ಅದು ಗೊತ್ತಾಗುವುದು ಹೇಗೆ? ಅಂದಿನಿಂದ ಅವಳು ಅಂಗಳಕ್ಕೆ ಕಾಲಿಡಲಿಲ್ಲ. ಶನಿವಾರ ಅಪ್ಪನ ಜೊತೆ ಬರುತ್ತಿದ್ದಳು, ಹಿಂದಿನ ಅಂಗಳದ ಗೇಟಿನ ಬಳಿ ಸುಮ್ಮನೆ ನೆಟ್ಟಿದ್ದ ಹಳೆಯ ಬಸ್‌ಸ್ಟಾಪಿನ ಕಂಬವನ್ನು ಒಂದು ಕೈಯಲ್ಲಿ ತಬ್ಬಿ ನಿಲ್ಲುತ್ತಿದ್ದಳು. 

ರೈಟಕ್ಕ ಅವಳನ್ನು ಕರೆಯಲಿಲ್ಲ, ಪುಸಲಾಯಿಸಲೂ ಇಲ್ಲ. "ಅವಳ್ಯಾಕೆ ಬರಲ್ಲ?" ಎಂದು ಮಕ್ಕಳು ಕೇಳಿದರೆ, "ಬಸ್ಸಿಗೆ ಕಾಯ್ತಿದ್ದಾಳೆ. ಯಾವ ಬಸ್ ಹತ್ತಬೇಕು ಅಂತ ಕಾಯೋರಿಗೇ ಗೊತ್ತಿರುತ್ತೆ," ಎನ್ನುತ್ತಿದ್ದಳು. ಪ್ರತಿ ಸಲವೂ ಮಕ್ಕಳ ಬಸ್ಸು ಆ ಕಂಬದ ಪಕ್ಕದಿಂದಲೇ ಹೋಗುವಂತೆ ಮಾತ್ರ ನೋಡಿಕೊಳ್ಳುತ್ತಿದ್ದಳು.

ಇದರ ಹಿಂದೆ ಅವಳ ಸ್ವಂತದ್ದೊಂದು ನೋವಿತ್ತು. ಚಿಕ್ಕವಳಿದ್ದಾಗ ರೈಟಕ್ಕ ಓಟದಲ್ಲಿ ಹಿಂದೆ. ಡ್ರಿಲ್ ಮಾಸ್ಟರು ಅವಳನ್ನು ಮೈದಾನದ ಅಂಚಿನಲ್ಲಿ ಕೂರಿಸಿ, ಓಡುವವರ ಚಪ್ಪಲಿ ಕಾಯುವ ಕೆಲಸ ಕೊಟ್ಟಿದ್ದರು. ಅವಳು ಅಚ್ಚುಕಟ್ಟಾಗಿ ಕಾದಳು, ಒಂದೂ ಕಳೆಯಲಿಲ್ಲ. ಶಾಲೆ ಬಿಡುವ ತನಕ ಆ ಕೆಲಸ ಅವಳದೇ ಆಯಿತು. ಇವಳಿಗೂ ಓಡುವ ಆಸೆ ಇದೆಯಾ ಎಂದು ಯಾರೂ ಕೇಳಲಿಲ್ಲ.  ಬಟಾಣಿಯನ್ನು ಆ ಕಂಬದ ಬಳಿಯೇ ಬಿಟ್ಟುಬಿಡಲು ಅವಳಿಂದಾಗದು.

ಈ ವರ್ಷದ ಕ್ರೀಡಾದಿನ ಹತ್ತಿರ ಬಂದಾಗ, ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಚಹಾ ಕುಡಿಯುತ್ತಿದ್ದ ಡ್ರೈವರು ಬಾಯಿಬಿಟ್ಟ.

"ಅಕ್ಕ, ಈ ಸಲ ಬಟಾಣಿ ಓಡಿದ್ರೆ ಸರಿ. ಇಲ್ದಿದ್ರೆ ಸೋಮವಾರದಿಂದ ನನ್ನ ಹಳೇ ಕೋಚ್ ಹತ್ರ ಸೇರಿಸ್ತೀನಿ. ಅವರ ಕೈಗೆ ಸಿಕ್ರೆ ಎಂಥೋರೂ ದಾರಿಗೆ ಬರ್ತಾರೆ."

"ಐದು ವರ್ಷದ ಮಗು ಯಾವ ದಾರಿ ತಪ್ಪಿದೆಯಪ್ಪಾ?"

"ನೀವು ನಗ್ತೀರಿ. ಅವಳ ಕಾಲು ನೋಡಿದೀರಾ? ನನ್ನ ಕಾಲೇ. ಹಾಳಾಗ್ತಾ ಇದೆ."

"ಕಾಲು ನೋಡಿದೀನಿ. ನೀನೇ ನೋಡಿಲ್ಲ," ಎಂದಳು ರೈಟಕ್ಕ. "ಕಂಬದ ಹತ್ರ ನಿಂತು ಒಂದು ಕಾಲು ಆಡಿಸ್ತಾ ಇರ್ತಾಳೆ. ನಾನು ಒಂದು ಊದಿದ್ರೆ ಆ ಕಾಲು ನಿಲ್ಲುತ್ತೆ, ಎರಡು ಊದಿದ್ರೆ ಶುರುವಾಗುತ್ತೆ. ಅವಳು ಆಡ್ತಾ ಇದ್ದಾಳೆ ಕಣಪ್ಪಾ."

"ಕಂಬ ಹಿಡ್ಕೊಂಡು ನಿಲ್ಲೋದು ಯಾವ ಆಟ ಅಕ್ಕ?"

"ಸ್ಟಾಪಲ್ಲಿ ಯಾರಾದ್ರೂ ನಿಂತಿದ್ರೆ ನೀನು ಇಳಿದು ಹೋಗಿ, ಕೈ ಹಿಡಿದು ಎಳ್ಕೊಂಡು ಬರ್ತೀಯಾ?"

"ಇಲ್ಲ."

"ಮತ್ತೆ ಸುಮ್ನಿರು. ಅವಳು ಹತ್ತುತ್ತಾಳೆ. ಅದು ನನ್ನ ಜವಾಬ್ದಾರಿ."

ಅಂದಿದ್ದೇನೋ ಅಂದುಬಿಟ್ಟಳು. ಅವನು ಮಾತಿಗೆ ತಪ್ಪುವವನಲ್ಲ, ಸೋಮವಾರ ಎಂದರೆ ಸೋಮವಾರವೇ. ಅವನ ಹಳೆಯ ಕೋಚನ್ನು ರೈಟಕ್ಕ ಒಮ್ಮೆ ಮೈದಾನದಲ್ಲಿ ಕಂಡಿದ್ದಳು. ದೊಡ್ಡ ಹುಡುಗರೇ ಅವರ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಅಲ್ಲಿಗೆ ಹೋದರೆ ಬಟಾಣಿ ಈ ಸಲ ಕಿವಿ ಮುಚ್ಚಿಕೊಂಡರೆ ಮತ್ತೆ ತೆರೆಯುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು.

ಅವಳು ಡಿಪೋ ಮ್ಯಾನೇಜರರ ಕೋಣೆಗೆ ಹೋದಳು. ಮ್ಯಾನೇಜರು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಬಹುಮಾನದ ಕಪ್ಪುಗಳನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ಕ್ರೀಡಾದಿನ ಎಂದರೆ ಅವರಿಗೆ ಹಬ್ಬಕ್ಕಿಂತ ಹೆಚ್ಚು.

"ಸಾರ್, ಪುಟ್ಟ ಮಕ್ಕಳಿಗೆ ಈ ಸಲ ಓಟ ಬೇಡ. ನಮ್ಮ ಬಸ್ಸಾಟ ಆಡಿಸೋಣ."

"ಅದು ಶನಿವಾರಕ್ಕೆ ಆಯ್ತಮ್ಮ. ಕ್ರೀಡಾದಿನ ಅಂದ್ಮೇಲೆ ಓಟ ಇರಲೇಬೇಕು. ಓಟ ಅಂದ್ಮೇಲೆ ಒಬ್ಬ ಫಸ್ಟ್ ಬರಬೇಕು. ಕಪ್ ತಂದಾಗಿದೆ, ನೋಡು."

ಕಪ್ಪು ಫಳಫಳ ಹೊಳೆಯುತ್ತಿತ್ತು. ರೈಟಕ್ಕ ಇನ್ನೂ ಸ್ವಲ್ಪ ಹೊತ್ತು ವಾದ ಮಾಡಿದಳು. ಮ್ಯಾನೇಜರು ಸೊಪ್ಪು ಹಾಕಲಿಲ್ಲ. "ಸರಿ ಸಾರ್, ಓಡಿಸಿ," ಎಂದು ಹೊರಗೆ ಬಂದಳು. ಮಕ್ಕಳ ಮೇಲೆ ಅವಳಿಗೆ ನಂಬಿಕೆಯಿತ್ತು. ಒಂದು ವಿಷಯ ಮಾತ್ರ ಅವಳಿಗೂ ಹೊಳೆಯಲಿಲ್ಲ, ಮ್ಯಾನೇಜರಿಗೂ ಹೊಳೆಯಲಿಲ್ಲ.

ಕ್ರೀಡಾದಿನ ಬಂತು. ಹಿಂದಿನ ಅಂಗಳದಲ್ಲಿ ಸುಣ್ಣದ ಗೆರೆ, ಕುರ್ಚಿ, ಮೈಕು. ಬಟಾಣಿ ತನ್ನ ಕಂಬದ ಬಳಿ. ಅವಳ ಅಪ್ಪ ಹಳದಿ ಗೆರೆಯ ಹಿಂದೆ ಎದೆ ಮೇಲೆ ಕೈಕಟ್ಟಿ ನಿಂತಿದ್ದ. ಪುಟ್ಟ ಮಕ್ಕಳೆಲ್ಲ ಸುಣ್ಣದ ಗೆರೆಯ ಮೇಲೆ ಕುಣಿಯುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ, ಆಗಲೇ ಅರ್ಧ ಓಡಿದಂತೆಯೇ ಇದ್ದರು. ಮ್ಯಾನೇಜರು ಹೊಸ ಸೀಟಿ ಹಿಡಿದು ಮುಂದೆ ಬಂದರು. ಓಟ ಶುರು ಮಾಡುವ ಗೌರವ ಪ್ರತಿ ವರ್ಷ ಅವರದೇ; ಹೋದ ವರ್ಷದ ತನಕ ಬಾವುಟ ಬೀಸುತ್ತಿದ್ದರು, ಸೀಟಿ ಇದೇ ಮೊದಲು. ಉಸಿರೆಳೆದುಕೊಂಡು ಊದಿದರು, ಒಂದು ಸೀಟಿ, ಉದ್ದಕ್ಕೆ.

ಮಕ್ಕಳೆಲ್ಲ ನಿಂತುಬಿಟ್ಟರು.

ಕುಣಿಯುತ್ತಿದ್ದವನು ಕುಣಿದ ಭಂಗಿಯಲ್ಲೇ ನಿಂತ. ಮೂಗಿಗೆ ಬೆರಳಿಟ್ಟಿದ್ದವಳು ಬೆರಳು ತೆಗೆಯಲಿಲ್ಲ. ಎಲ್ಲರೂ ಕಾಲಗಲಿಸಿ, ಮಂಡಿ ಬಗ್ಗಿಸಿ, ಗರ ಬಡಿದವರಂತೆ. ಮ್ಯಾನೇಜರು ಕಕ್ಕಾಬಿಕ್ಕಿಯಾದರು. ಕೇಳಿಸಲಿಲ್ಲವೇನೋ ಎಂದು ಕೆನ್ನೆ ಉಬ್ಬಿಸಿ ಇನ್ನೂ ಜೋರಾಗಿ, ಇನ್ನೂ ಉದ್ದಕ್ಕೆ ಊದಿದರು. ಮಕ್ಕಳು ಇನ್ನೂ ಗಟ್ಟಿಯಾಗಿ ನಿಂತರು.

"ಓಡ್ರೋ! ಓಡೇ! ಏನಾಯ್ತೋ ನಿಂಗೆ?" ಗೆರೆಯ ಹಿಂದೆ ಗದ್ದಲವೆದ್ದಿತು. ಫಲಕ ಗಿಲಕ ಎಲ್ಲ ಯಾರಿಗೆ ಬೇಕು? ಆಮೇಲೆ ಯಾರೋ ಒಬ್ಬರು ನಕ್ಕರು. ನಗು ಕುರ್ಚಿಯಿಂದ ಕುರ್ಚಿಗೆ ಹರಡಿತು.

ರೈಟಕ್ಕನಿಗೂ ಮೊದಲು ನಗು ಬಂತು. ಅಯ್ಯೋ, ಬಸ್ಸಿನ ಸೀಟಿಯೇ ಬೇರೆ, ಓಟದ ಸೀಟಿಯೇ ಬೇರೆ, ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ! ಮರುಕ್ಷಣ ಅವಳ ನಗು ಆರಿಹೋಯಿತು. ಸಾಲಿನಲ್ಲಿದ್ದ ಚಿಕ್ಕವನೊಬ್ಬನ ಕೆಳತುಟಿ ನಡುಗುತ್ತಿತ್ತು. ಸರಿಯಾಗಿಯೇ ಆಡಿದ್ದೇನೆ, ಮತ್ತೆ ಯಾಕೆ ನಗುತ್ತಾರೆ ಎಂದು ಅವನಿಗೆ ತಿಳಿಯುತ್ತಿಲ್ಲ. ಕಂಬದ ಬಳಿ ಬಟಾಣಿಯ ಎರಡೂ ಕೈಗಳು ನಿಧಾನವಾಗಿ ಕಿವಿಯ ಕಡೆ ಏರುತ್ತಿದ್ದವು. ಅದೇ ನಗು, ಹೋದ ವರ್ಷದ್ದೇ.

ರೈಟಕ್ಕ ಯಾರನ್ನೂ ಕೇಳಲಿಲ್ಲ. ಸೀದಾ ಅಂಗಳದ ನಡುವೆ ಹೋಗಿ, ಬಸ್ಸಿನಲ್ಲಿ ಜಗಳ ಎದ್ದಾಗ ತೆಗೆಯುವ ಗಂಟಲು ತೆಗೆದಳು.

"ಸ್ವಾಮೀ! ಗಾಡಿ ನಿಂತಿರೋದು ಮಕ್ಕಳ ತಪ್ಪಲ್ಲ. ಒಂದು ಸೀಟಿ ಅಂದ್ರೆ ನಿಲ್ಲೋದು. ನಿಮ್ಮ ಮಕ್ಕಳಿಗೆ ಗೊತ್ತು, ನೀವು ಮರೆತಿದ್ದೀರಿ. ಎಲ್ರೂ ಇದೇ ಡಿಪೋದಲ್ಲಿ ಅನ್ನ ತಿನ್ನೋರು!"

ನಗು ಪಟ್ಟನೆ ನಿಂತಿತು. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮ್ಯಾನೇಜರು ಕೈಯಲ್ಲಿದ್ದ ಸೀಟಿಯನ್ನೇ ನೋಡಿದರು. ರೈಟಕ್ಕ ಎರಡು ಊದಿದಳು.

ಮಕ್ಕಳಿಗೆ ಜೀವ ಬಂತು. ಆದರೆ ಓಡಲಿಲ್ಲ. ರೈಟಕ್ಕನ ಸೀಟಿ ಎಂದ ಮೇಲೆ ಬಸ್ಸೇ ಇರಬೇಕು ಎಂದುಕೊಂಡು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾದರು. ತುಟಿ ನಡುಗಿಸುತ್ತಿದ್ದವನೇ ಡ್ರೈವರಾದ. ಬುರ್ರ್ ಎಂದು ಸದ್ದು ಮಾಡುತ್ತಾ ಬಸ್ಸು ಹೊರಟಿತು. ಸುಣ್ಣದ ಗೆರೆಗಳನ್ನೆಲ್ಲ ಅಡ್ಡಡ್ಡ ದಾಟಿಕೊಂಡು, ಪ್ರತಿ ಶನಿವಾರದ ಅಭ್ಯಾಸದಂತೆ ಕಂಬದ ಕಡೆಗೇ ಬಂತು.

ಬಟಾಣಿಯ ಕೈಗಳು ಕಿವಿಯಿಂದ ಇಳಿದವು. ಒಂದು ಕೈ ಕಂಬ ಹಿಡಿಯಿತು. ಇನ್ನೊಂದು ಮೇಲೆದ್ದಿತು, ಮೊಣಕೈಯ ತನಕ, ಅಷ್ಟೇ. ತಲೆ ಕೆರೆದುಕೊಳ್ಳಲು ಎತ್ತಿದ್ದು ಎಂದರೂ ನಂಬಬಹುದಿತ್ತು.

ರೈಟಕ್ಕ ಹಳದಿ ಗೆರೆಯ ಕಡೆ ನೋಡಿದಳು. ಅವಳ ಡ್ರೈವರು ಬಾಯಿ ತೆರೆದಾಗಿತ್ತು. "ಹೋಗು" ಎಂಬ ಮಾತು ಅವನ ನಾಲಿಗೆ ತುದಿಯಲ್ಲಿ ಕೂತಿದ್ದು ಅವಳಿಗೆ ಇಷ್ಟು ದೂರದಿಂದಲೂ ಕಾಣುತ್ತಿತ್ತು. ಅವಳು ಒಂದು ಊದಿದಳು.

ಮಕ್ಕಳ ಬಸ್ಸು ನಿಂತಿತು. ಅವನ ಬಾಯಿಯೂ ಮುಚ್ಚಿತು. ಅಷ್ಟು ವರ್ಷ ಅದೇ ಸೀಟಿಗೆ ಬ್ರೇಕ್ ಒತ್ತಿದವನು, ಒತ್ತದೆ ಇರುವುದು ಹೇಗೆ? ತುಟಿ ಕಚ್ಚಿಕೊಂಡು, ಬಸ್ಸಿನಲ್ಲಿ ಕೂತ ಹಾಗೆ ಮೂಗಿನ ನೇರಕ್ಕೆ ನೋಡುತ್ತಾ ನಿಂತ.  ಮೈಕು ಕುಂಯ್ ಎನ್ನುತ್ತಿತ್ತು.

ಬಟಾಣಿ ಕಂಬ ಬಿಟ್ಟಳು. ಎರಡು ಹೆಜ್ಜೆ ಇಟ್ಟು ನಿಂತಳು. ಬಸ್ಸು ಕಾಯಿತು. ಡ್ರೈವರಾಗಿದ್ದ ಚಿಕ್ಕವನು ಅವಸರ ಮಾಡದೆ ಬುರ್ರ್ ಬುರ್ರ್ ಎಂದು ನಿಂತಲ್ಲೇ ಇಂಜಿನ್ ಓಡಿಸುತ್ತಿದ್ದ. ಅವಳು ಸಾಲಿನ ಕೊನೆಗೆ ಬಂದು ಕೊನೆಯವಳ ಅಂಗಿ ಹಿಡಿದಳು. ಆದರೂ ಬಸ್ಸು ಕದಲಲಿಲ್ಲ. ಕೊನೆಗೆ ಹತ್ತಿದವರೇ ಕಂಡಕ್ಟರ್, ಅದು ನಿಯಮ. ಮಕ್ಕಳೆಲ್ಲ ಹಿಂದೆ ತಿರುಗಿ ಅವಳ ಮುಖ ನೋಡಿದರು.

ರೈಟಕ್ಕ ತನ್ನ ಬಾಯಿಂದ ಸೀಟಿ ತೆಗೆದಳು. ಇದು ಅವಳು ಊದುವ ಜಾಗವಲ್ಲ.

"ರೈಟ್," ಎಂದಳು ಬಟಾಣಿ, ತನಗಷ್ಟೇ ಕೇಳುವ ಹಾಗೆ. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು, "ರೈಟ್... ರೈಟ್!"

ಎಂಥ ಗಂಟಲು! ಇಡೀ ಡಿಪೋ ಬೆಚ್ಚಿಬಿತ್ತು. ಮಕ್ಕಳು ಹೋ ಎಂದು ಕೂಗುತ್ತಾ ಓಡಿದರು ನೋಡಿ, ಅದು ಓಟ. ಅಂಗಿಗಳು ಕೈ ಜಾರಿದವು, ಬಸ್ಸು ಚದುರಿತು, ಗಿಡ್ಡ ಜಡೆ ಹಾರಿಸಿಕೊಂಡು ಬಟಾಣಿ ಗಾಳಿಯಂತೆ ಹೋದಳು. ಅವಳಪ್ಪ ಹೇಳಿದ್ದು ಸುಳ್ಳಲ್ಲ, ಆ ಕಾಲು ಅವನದೇ. ಕೊನೆಯ ಗೆರೆಯ ಬಳಿ ಯಾರಿಗೋ ನಿಲ್ದಾಣದ ನೆನಪಾಗಿ ಎಲ್ಲರೂ ನಿಂತು, ಮತ್ತೆ ಸಾಲಾಗಿ, ಒಟ್ಟಿಗೆ ಗೆರೆ ದಾಟಿದರು.

ಮ್ಯಾನೇಜರು ಕಪ್ ಹಿಡಿದುಕೊಂಡು ಬಂದು, "ಯಾರಮ್ಮ ಫಸ್ಟು?" ಎಂದರು.

"ಡ್ರೈವರ್ ಮುಂದೆ ಇರ್ತಾನೆ ಸಾರ್," ಎಂದಳು ಬಟಾಣಿ. "ಆದ್ರೆ ಎಲ್ರೂ ಒಟ್ಟಿಗೇ ಬರ್ತೀವಿ."

ಮ್ಯಾನೇಜರು ತಲೆ ಕೆರೆದುಕೊಂಡು ಕಪ್ಪನ್ನು ಅವರ ನಡುವೆ ಇಟ್ಟು ಹೋದರು. ಅದು ಈಗ ಮಕ್ಕಳ ಡೀಸೆಲ್ ಕ್ಯಾನು. ರೈಟಕ್ಕ ಗೋಡೆ ಕಡೆ ತಿರುಗಿ ಮುಖ ಒರೆಸಿಕೊಂಡಳು. ಅಳು ಬಂದಿತ್ತು, ಸಂತೋಷಕ್ಕೇ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಚಪ್ಪಲಿ ಕಾಯುತ್ತಿದ್ದ ಹುಡುಗಿಗೆ ಅವತ್ತು ಸಮಾಧಾನವಾಗಿತ್ತು.

ಸೋಮವಾರ ಬಟಾಣಿಯ ಅಪ್ಪ ಕೋಚ್ ಹತ್ತಿರ ಹೋಗಲಿಲ್ಲ. ಕೊನೆಯ ನಿಲ್ದಾಣದಲ್ಲಿ ರೈಟಕ್ಕ, "ಏನಪ್ಪಾ, ಸೇರಿಸಿದ್ಯಾ?" ಎಂದಾಗ ಚಹಾ ಲೋಟದೊಳಗೆ ನೋಡುತ್ತಾ, "ನೀವಿನ್ನೂ ಎರಡು ಊದಿಲ್ವಲ್ಲ ಅಕ್ಕ," ಎಂದ.

ಆ ಶನಿವಾರ ಬಟಾಣಿ ಗೇಟಿನಿಂದಲೇ ಅಂಗಳಕ್ಕೆ ಓಡಿದಳು. ಅಪ್ಪ ಹಳದಿ ಗೆರೆಯ ಹಿಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಸುತ್ತಮುತ್ತ ನೋಡಿ, ಮೆಲ್ಲಗೆ ಹೋಗಿ ಮಗಳ ಹಳೆಯ ಕಂಬದ ಪಕ್ಕ ನಿಂತುಕೊಂಡ. ಬಸ್ಸು ಬಂದಾಗ ನಾಚಿಕೆಯಿಂದ ಕೈ ಎತ್ತಿದ, ಮೊಣಕೈಯ ತನಕ.

ಅವತ್ತು ಕಂಡಕ್ಟರಾಗಿದ್ದ ಬಟಾಣಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಹಿಂದಿನ ಬಸ್ ಖಾಲಿ ಬರ್ತಿದೆ, ಅದ್ರಲ್ಲಿ ಬನ್ನಿ," ಎಂದು ಹೇಳಿ, ರೈಟ್ ಕೊಟ್ಟು ಹೊರಟೇ ಹೋದಳು.

ರೈಟಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಬಸ್ಸು ಟೈರುಗಳನ್ನು ಸುತ್ತಿ, ಗೋಡೆ ಮುಟ್ಟಿ, ಕಪ್ಪಿನಿಂದ ಡೀಸೆಲ್ ಹಾಕಿಸಿಕೊಂಡು ಮತ್ತೆ ಬರುವವರೆಗೂ ಬಾಯಿ ಬಿಡದೆ ಅಲ್ಲೇ ಕಾದ.